ಎಡಗಡೆಯ ಹಿಂದಿನ ಹಲ್ಲು

ಅಣ್ಣ ಸಾಯುತ್ತಿದ್ದಾನೆ ಎಂದು ಅತ್ತಿಗೆ ಫೋನಿನಲ್ಲಿ ಹೇಳಲಿಲ್ಲ. "ಹಲ್ಲು ಕೂಡಿಸೋಕೆ ನೀನೇ ಇರಬೇಕಂತೆ, ನರ್ಸ್ ಹೇಳ್ತಿದ್ದಾಳೆ. ಈಗಲೇ ಬಂದ್ಬಿಡು" ಎಂದಳು. ಫೋನೆತ್ತಿದ ತಮ್ಮನ ಕೈಯಲ್ಲಿ ಆಗ ಯಾರದೋ ಕೆಳದವಡೆಯ ಕಟ್ಟುಹಲ್ಲಿನ ಸೆಟ್ಟಿತ್ತು. ಗುಲಾಬಿ ಒಸಡಿನ ಅಂಚನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ ನುಣ್ಣಗೆ ಮಾಡುತ್ತಿದ್ದ. ಬರುತ್ತೇನೆ ಎಂದು ಫೋನಿಟ್ಟವನು ಕೂಡಲೇ ಏಳಲಿಲ್ಲ. ಅಂಚು ಪೂರ್ತಿ ನುಣ್ಣಗಾಗುವವರೆಗೆ ಉಜ್ಜಿದ, ಬೆರಳಿನಿಂದ ಸವರಿ ನೋಡಿದ, ಇನ್ನೊಂದು ಸುತ್ತು ಉಜ್ಜಿದ, ತೊಳೆದ, ಒರೆಸಿದ, ಡಬ್ಬಿಗೆ ಹಾಕಿ ಹೆಸರಿನ ಚೀಟಿ ಅಂಟಿಸಿದ. ಒಡಹುಟ್ಟಿದವನ ಉಸಿರು ಹೋಗುತ್ತಿರುವಾಗ ಗುರುತಿಲ್ಲದವರ ಒಸಡು ಉಜ್ಜುತ್ತ ಕೂತಿದ್ದೆನಲ್ಲ ಎಂದು ಅನ್ನಿಸಿದ್ದು ಆಮೇಲೆ, ಬಸ್ಸಿನಲ್ಲಿ. ಅನ್ನಿಸಿದ ಮೇಲೂ ನಾಚಿಕೆ ಆಗಬೇಕಾದಷ್ಟು ಆಗಲಿಲ್ಲ. ತಮ್ಮನನ್ನು ಕರೆದಿದ್ದರೆ ತಮ್ಮ ಎದ್ದೆನೋ ಬಿದ್ದೆನೋ ಎಂದು ಓಡಿ ಬರುತ್ತಿದ್ದ; ಅವರು ಕರೆದದ್ದು ಕೆಲಸದವನನ್ನು, ನಲ್ಲಿ ಸೋರಿದರೆ ನಲ್ಲಿಯವನನ್ನು ಕರೆಯುವ ಹಾಗೆ. ಕೆಲಸದವನು ಕೈಯಲ್ಲಿರುವ ಕೆಲಸ ಮುಗಿಸಿಯೇ ಬರುತ್ತಾನೆ. ಹೀಗೆ ತನ್ನ ಪರವಾಗಿ ತಾನೇ ವಾದ ಮಾಡಿಕೊಂಡು ತಾನೇ ಗೆದ್ದು, ಆ ಗೆಲುವಿನ ಗುಂಗಿನಲ್ಲಿ ಒಂದು ಸ್ಟಾಪು ಮುಂದೆ ಹೋಗಿ ಇಳಿದು, ಮಧ್ಯಾಹ್ನದ ಬಿಸಿಲಿನಲ್ಲಿ ಹಿಂದಕ್ಕೆ ನಡೆದುಬಂದ.

ಮನೆ ಎರಡನೆಯ ಮಹಡಿಯಲ್ಲಿತ್ತು. ಅಣ್ಣನನ್ನು ಹಿಂದಿನ ಕೋಣೆಗೆ ಹಾಕಿದ್ದರು. ಆಸ್ಪತ್ರೆಯವರು ಇನ್ನು ಮಾಡುವುದೇನೂ ಇಲ್ಲ ಎಂದು ಕಳಿಸಿ ಆರು ದಿನವಾಗಿತ್ತು. ಕಿಟಕಿಯಾಚೆ ಒಂದು ಪೀಠೋಪಕರಣದ ಅಂಗಡಿಯ ಹಿಂಬದಿ. ಅಲ್ಲಿ ಇಬ್ಬರು ಒಂದು ಸೋಫಾವನ್ನು ಲಾರಿಗೆ ಏರಿಸಲು ಹೋಗಿ, ಅದು ಬಾಗಿಲಲ್ಲಿ ಸಿಕ್ಕಿಕೊಂಡು, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು. ಹಾಸಿಗೆಯ ಮೇಲೆ ಅಣ್ಣ ಅಂಗಾತ ಮಲಗಿದ್ದ, ಬಾಯಿ ತೆರೆದಿತ್ತು. ಅವನ ಕಣ್ಣು ಮೊದಲು ಹೋದದ್ದು ಆ ಬಾಯಿಗೆ. ಮುಖಕ್ಕಿಂತ ಮುಂಚೆ ಬಾಯಿಗೆ. ಮೇಲುತುಟಿ ಒಳಕ್ಕೆ ಮಡಚಿಕೊಂಡಿತ್ತು, ಮೂಗು ಗಲ್ಲದ ಹತ್ತಿರಕ್ಕೆ ಬಂದಿತ್ತು, ಕೆನ್ನೆಗಳಲ್ಲಿ ಎರಡು ಕುಳಿ. ಬೊಚ್ಚುಬಾಯಿಗಳನ್ನು ನೋಡಿ ನೋಡಿಯೇ ಹೊಟ್ಟೆ ಹೊರೆದವನಿಗೆ ಈ ಬಾಯಿ ಹೊಸದಾಗಿ ಕಾಣಬಾರದಿತ್ತು. ಕಂಡಿತು. ಹಾಸಿಗೆಯ ಪಕ್ಕದ ಮೇಜಿನ ಮೇಲೆ ಔಷಧಿಯ ಬಾಟಲಿ, ಹತ್ತಿ, ಬಾಚಣಿಗೆ, ಆಚೆಗೆ ಒಂದು ಗಾಜಿನ ಲೋಟ. ಲೋಟದ ನೀರಿನಲ್ಲಿ ಅಣ್ಣನ ಹಲ್ಲು ಸೆಟ್ಟು. ಒಂಬತ್ತು ವರ್ಷಗಳ ಹಿಂದೆ ಈ ತಮ್ಮನೇ ಮಾಡಿಕೊಟ್ಟದ್ದು. ನೀರಿನಲ್ಲಿ ಅದು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ಅವನು ಕಣ್ಣು ಬೇರೆ ಕಡೆ ತಿರುಗಿಸಿದ.

"ಈಗ ಹಾಕಿದ್ರೆ ಗಂಟಲಿಗೆ ಅಡ್ಡ ಬರುತ್ತೆ ಸರ್" ಎಂದಳು ನರ್ಸು. ಮೂವತ್ತರ ಹೆಂಗಸು, ದಪ್ಪ ಕನ್ನಡಕ, ಕಾಲಿಗೆ ಸದ್ದಾಗದ ರಬ್ಬರ್ ಚಪ್ಪಲಿ. "ಹೋದ ಮೇಲೆ ಹಾಕಬೇಕು. ಆದ್ರೆ ತಡ ಮಾಡಬಾರದು. ದವಡೆ ಬಿಗಿದುಬಿಟ್ರೆ ಆಮೇಲೆ ಆಗಲ್ಲ."

"ನಿಮಗೇ ಹಾಕೋಕೆ ಬರಲ್ವಾ?"

"ಬರುತ್ತೆ. ಆದ್ರೆ ಅಮ್ಮನವರು ನೀವೇ ಹಾಕಬೇಕು ಅಂದ್ರು."

"ಇನ್ಯಾರು ಹಾಕ್ತಾರೆ" ಎಂದಳು ಅತ್ತಿಗೆ. ಅವಳು ಹಾಸಿಗೆಯ ಕಾಲಡಿ ನಿಂತು ಹೊದಿಕೆಯ ಅಂಚನ್ನು ಎಳೆದು ಸರಿಮಾಡುತ್ತಿದ್ದಳು. ಸರಿಯಾಗಿಯೇ ಇದ್ದ ಅಂಚು. "ನಾಲ್ಕು ಜನ ನೋಡೋಕೆ ಬರ್ತಾರೆ. ಬೊಚ್ಚುಬಾಯಲ್ಲಿ ಕಳಿಸೋಕಾಗುತ್ತಾ ಇವರನ್ನ? ಬೆಳಿಗ್ಗೆ ಪೇಪರ್ ತಗೊಳ್ಳೋಕೂ ಹಲ್ಲು ಹಾಕ್ಕೊಂಡೇ ಬಾಗಿಲು ತೆಗೀತಿದ್ರು." ಅವಳು ಅಳುತ್ತಿರಲಿಲ್ಲ. ಆರು ದಿನದಿಂದ ನಿದ್ದೆಯಿಲ್ಲದವಳ ಮುಖದಲ್ಲಿ ಅಳುವಿಗೂ ಜಾಗವಿರಲಿಲ್ಲ.

ಬೊಚ್ಚುಬಾಯಲ್ಲಿ ಕಳಿಸಲಾಗದ್ದು ನಿಜ. ಮುಂದಿನ ಹಲ್ಲಿನ ವಿಷಯದಲ್ಲಿ ಊರಿಗೇ ಅಣ್ಣನ ಮಾತು ನಡೆಯುತ್ತಿತ್ತು. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುವರು, ಕೆಲವರನ್ನು ಅಚ್ಚಿಗೂ ಇಲ್ಲಿಗೇ ಕಳಿಸುವರು. ಈ ಅಣ್ಣತಮ್ಮಂದಿರ ವರ್ಕ್‌ಶಾಪಿನಲ್ಲಿ ಅಚ್ಚಿಗೆ ಪ್ಲಾಸ್ಟರು ಸುರಿದು ದವಡೆ ಮಾಡಿ, ದವಡೆಯ ಮೇಲೆ ಮೇಣ ಕೂರಿಸಿ, ಮೇಣದಲ್ಲಿ ಒಂದೊಂದೇ ಹಲ್ಲು ನಿಲ್ಲಿಸುವುದು. ಅಪ್ಪ ತೀರಿಕೊಂಡ ವರ್ಷ ಅಣ್ಣ ಅವನನ್ನು ಅಲ್ಲಿಗೆ ಕರೆತಂದಾಗ ಅವನಿಗೆ ಹದಿನೈದು. ಅಂದು ಅಲ್ಲಿನವರು ಅವನನ್ನು ಚಿಕ್ಕವರು ಎಂದು ಕರೆದರು. ಈಗ ಐವತ್ತೆಂಟು, ಅರ್ಧ ತಲೆ ಬೋಳು, ಮಂಡಿನೋವು, ಈಗಲೂ ಚಿಕ್ಕವರೇ. ಕೆಲಸ ಮೊದಲಿಂದ ಹಂಚಿಹೋಗಿತ್ತು. ಮುಂದಿನ ಹಲ್ಲು ಅಣ್ಣನದು, ಹಿಂದಿನದು ಅವನದು. ಅಣ್ಣ ಕೂಡಿಸಿದ ಮುಂದಿನ ಹಲ್ಲು ಹಾಕಿಕೊಂಡವರು ಕನ್ನಡಿಯ ಮುಂದೆ ನಕ್ಕು, ಡಾಕ್ಟರ ಮುಂದೆ ನಕ್ಕು, ಕೆಲವರು ವರ್ಕ್‌ಶಾಪಿನವರೆಗೂ ಹುಡುಕಿಕೊಂಡು ಬಂದು ಅಣ್ಣನ ಕೈ ಹಿಡಿದು ನಗುತ್ತಿದ್ದರು. ಹಿಂದಿನ ಹಲ್ಲನ್ನು ಹೊಗಳಲು ಯಾರು ಬರುತ್ತಾರೆ? ಅದು ಸರಿಯಾಗಿದ್ದರೆ ನೆನಪಿಗೇ ಬರುವುದಿಲ್ಲ, ಸರಿಯಿಲ್ಲದಿದ್ದರೆ ಬೈಗುಳ. ಒಮ್ಮೆ, ಅವನಿಗೆ ಮೂವತ್ತು ದಾಟಿದ ಮೇಲೆ, ಒಬ್ಬ ಹೊಸ ಡಾಕ್ಟರು ಒಂದು ಪೂರ್ತಿ ಸೆಟ್ಟನ್ನು ಇವರೇ ಮಾಡಲಿ ಎಂದು ಅವನನ್ನು ತೋರಿಸಿದಾಗ, ಅಣ್ಣ ಮೇಣದ ಚಾಕು ಒರೆಸುತ್ತ, "ಇವನ ಕೈ ಸ್ವಲ್ಪ ಭಾರ ಡಾಕ್ಟ್ರೇ. ಹಿಂದಿನ ಹಲ್ಲು ಇವನಿಗೆ ಬಿಡಿ, ಅಲ್ಲಿ ಯಾರು ನೋಡ್ತಾರೆ" ಎಂದ. ಡಾಕ್ಟರು ನಕ್ಕರು. ಅಣ್ಣ ನಕ್ಕ. ಮತ್ತೆ ಅವನೂ ನಕ್ಕ, ಹಲ್ಲು ಗಿಂಜಿಕೊಂಡು, ಹೌದು ಹೌದು ಎಂದು ತಲೆಯನ್ನೂ ಆಡಿಸಿದ. ಅಣ್ಣನ ಮಾತನ್ನು ಅವನು ಬಹಳ ಹಿಂದೆಯೇ ಕ್ಷಮಿಸಿಬಿಡುತ್ತಿದ್ದನೇನೋ. ಕ್ಷಮಿಸಲಾಗದೆ ಉಳಿದದ್ದು ತನ್ನ ಆ ನಗು.

ಹಾಸಿಗೆಯಲ್ಲಿ ಉಸಿರು ನಿಂತಿತು. ಅವನು ಕುರ್ಚಿಯಿಂದ ಅರ್ಧ ಎದ್ದ. ನರ್ಸು ಎದ್ದಿರಲಿಲ್ಲ, ಗೋಡೆಗೊರಗಿ ಚೀಟಿಯಲ್ಲಿ ಏನೋ ಬರೆಯುತ್ತಿದ್ದಳು. ಸೋಫಾದವರು ಹೊರಗೆ ಎತ್ತು ಎತ್ತು ಎನ್ನುತ್ತಿದ್ದರು. ಆಮೇಲೆ ಅಣ್ಣನ ಎದೆ ಒಮ್ಮೆ ಎದ್ದಿತು, ಒಂದು ದೀರ್ಘ ಉಸಿರು ಒಳಗೆ ಹೋಯಿತು, ಅದರ ಹಿಂದೆ ನಾಲ್ಕಾರು ಸಣ್ಣ ಉಸಿರು ಒಂದರ ಹಿಂದೊಂದು ಬಂದವು.

"ಹೀಗೇ ಆಗ್ತಿರುತ್ತೆ. ಗಾಬರಿ ಆಗ್ಬೇಡಿ" ಎಂದಳು ನರ್ಸು, ಬರೆಯುವುದನ್ನು ನಿಲ್ಲಿಸದೆ. "ಮಧ್ಯೆ ಮಧ್ಯೆ ನಿಲ್ಲುತ್ತೆ, ಮತ್ತೆ ಬರುತ್ತೆ. ಆ ನಿಲ್ಲೋದು ಉದ್ದ ಆಗ್ತಾ ಹೋಗುತ್ತೆ. ಒಂದ್ಸಲ ಬರಲ್ಲ."

"ಕಷ್ಟ ಪಡ್ತಿದ್ದಾನಲ್ಲ."

"ಅವರಿಗೆ ಕಷ್ಟ ಇಲ್ಲ ಸರ್. ಕೇಳೋ ನಿಮಗೆ ಕಷ್ಟ. ಮೈ ತನಗೆ ಗೊತ್ತಿರೋ ಕೆಲಸ ಮಾಡ್ತಿದೆ. ಹೆರಿಗೆ ಹೇಗೆ ಅದರಷ್ಟಕ್ಕೆ ಅದು ಆಗುತ್ತೋ ಇದೂ ಹಾಗೇ. ನಾವು ಪಕ್ಕದಲ್ಲಿದ್ರೆ ಸಾಕು, ಅಡ್ಡ ಬರಬಾರದು ಅಷ್ಟೆ." ಅವಳು ಪೆನ್ನನ್ನು ಜೇಬಿಗೆ ಸಿಕ್ಕಿಸಿದಳು. "ಕಿವಿ ಕೊನೇವರೆಗೂ ಕೇಳುತ್ತೆ ಅಂತಾರೆ. ಏನಾದ್ರೂ ಹೇಳೋದಿದ್ರೆ ಹೇಳಿಬಿಡಿ."

ಅವಳ ನೆಮ್ಮದಿ ಅವನಿಗೆ ಹಿಡಿಸಲಿಲ್ಲ. ದಿನಕ್ಕೊಂದು ಮನೆಯಲ್ಲಿ ಇದೇ ಮಾತು ಒಪ್ಪಿಸುತ್ತಾಳೇನೋ, ಬಾಯಿಪಾಠ ಆಗಿಹೋಗಿರಬೇಕು. ಆದರೆ ಬೈಯುವುದಕ್ಕೂ ತಪ್ಪು ಸಿಗಲಿಲ್ಲ, ಯಾಕೆಂದರೆ ಅವಳು ಹೇಳಿದ್ದು ಅವನಿಗೆ ಗೊತ್ತಿದ್ದದ್ದೇ. ವರ್ಕ್‌ಶಾಪಿನ ಮಾಡಿನ ಕೆಳಗೆ ಉದ್ದನೆಯ ಹಲಗೆಗಳ ಮೇಲೆ ಹಳೆಯ ಪ್ಲಾಸ್ಟರು ದವಡೆಗಳಿದ್ದವು, ಹೆಸರು ಇಸವಿ ಬರೆದವು. ಐದಾರು ವರ್ಷಕ್ಕೊಮ್ಮೆ ಹೊಸ ಸೆಟ್ಟಿಗೆ ಬಂದವರ ಹಳೆಯ ದವಡೆಯನ್ನೂ ಹೊಸ ದವಡೆಯನ್ನೂ ಪಕ್ಕಪಕ್ಕ ಇಟ್ಟರೆ ಕುರುಡನೂ ಮುಟ್ಟಿ ಹೇಳಬಹುದಿತ್ತು: ಹಲ್ಲು ಹೋದ ಜಾಗದಲ್ಲಿ ಎಲುಬು ಕರಗುತ್ತ ಬರುತ್ತದೆ. ಕಾಯಿಲೆಯಲ್ಲ, ಯಾರ ತಪ್ಪೂ ಅಲ್ಲ. ಮೊದಲು ಗುಡ್ಡದ ಸಾಲಿನಂತಿದ್ದದ್ದು ಆಮೇಲೆ ಹೊಲದ ಬದು, ಕೊನೆಗೆ ಬಯಲು. ಅಷ್ಟು ಹೊತ್ತಿಗೆ ಇನ್ನೊಂದು ಸೆಟ್ಟಿಗೆ ಅವರು ಬರುತ್ತಿರಲಿಲ್ಲ. ಬೇರೆಯವರ ದವಡೆಯಲ್ಲಿ ಇದನ್ನು ನೋಡುವಾಗ ಅವನಿಗೆ ಎಂದೂ ದುಃಖವಾಗಿರಲಿಲ್ಲ, ಒಂದು ಬಗೆಯ ಸಮಾಧಾನವೇ ಇತ್ತು. ಅಣ್ಣನ ವಿಷಯದಲ್ಲಿ ಮಾತ್ರ ಎಲುಬು ಕಾಯಬೇಕು ಎಂದು ಅವನು ನಿರೀಕ್ಷಿಸಿದ್ದ. ತನ್ನ ಲೆಕ್ಕ ಚುಕ್ತಾ ಆಗುವವರೆಗಾದರೂ.

ಒಂಬತ್ತು ವರ್ಷದ ಹಿಂದೆ ಅಣ್ಣನ ಕೊನೆಯ ನಾಲ್ಕು ಹಲ್ಲು ಕೀಳಿಸಿಯಾದ ಮೇಲೆ, ಒಸಡು ಮಾಯುವವರೆಗೆ ಕಾದು, ಒಂದು ದಿನ ಅಣ್ಣ ವರ್ಕ್‌ಶಾಪಿನ ಕುರ್ಚಿಯಲ್ಲಿ ಬಂದು ಕೂತು ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡೇ, "ನನ್ನದು ನಾನು ಮಾಡ್ಕೊಳ್ಳೋಕಾಗಲ್ಲವಲ್ಲ. ನೀನೇ ಮಾಡು. ಪೂರ್ತಿ ನೀನೇ ಮಾಡು" ಎಂದಿದ್ದ. ಮೂವತ್ತನಾಲ್ಕು ವರ್ಷದ ಮೇಲೆ ಮುಂದಿನ ಹಲ್ಲು ಅವನ ಕೈಗೆ ಬಂದದ್ದು ಹಾಗೆ. ಅಚ್ಚು ತೆಗೆಯುವಾಗ ಅಣ್ಣನ ಗಲ್ಲವನ್ನು ಅಂಗೈಯಲ್ಲಿ ಹಿಡಿದು ನಿಂತ. ಆ ಗಲ್ಲವನ್ನು ಅದಕ್ಕೂ ಮುಂಚೆ ಅವನು ಮುಟ್ಟಿರಲೇ ಇಲ್ಲ. ಮೂರು ವಾರ ಬೇರೆ ಕೆಲಸ ಬದಿಗಿಟ್ಟ. ಅಣ್ಣನ ಹಳೆಯ ಫೋಟೋ ಮುಂದಿಟ್ಟುಕೊಂಡು ಮೇಲಿನ ಎರಡು ಹಲ್ಲಿನ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟ, ಪಕ್ಕದ ಒಂದನ್ನು ತುಸು ವಾರೆ ನಿಲ್ಲಿಸಿದ, ಒಂದರ ತುದಿಯನ್ನು ಸವೆದ ಹಾಗೆ ಉಜ್ಜಿದ. ಅಂಥ ಮುಂದಿನ ಹಲ್ಲನ್ನು ಅಣ್ಣನೂ ಮಾಡಿರಲಿಲ್ಲ. ಇದು ಜಂಬವಲ್ಲ, ಬಲ್ಲವರು ಹೇಳಿದ್ದು. ಎಲ್ಲ ಮುಗಿದು, ಮೇಲಿನ ಕೆಳಗಿನ ದವಡೆಗಳನ್ನು ಹಿತ್ತಾಳೆಯ ಚೌಕಟ್ಟಿನಲ್ಲಿ, ಬಾಯಿಯಂತೆ ತೆರೆದು ಮುಚ್ಚುವ ಚೌಕಟ್ಟು ಅದು, ಕೂರಿಸಿ, ನಡುವೆ ತಾಗಿದಲ್ಲಿ ಬಣ್ಣ ಹತ್ತುವ ನೀಲಿ ಕಾಗದ ಇಟ್ಟು ಕಚ್ಚಿಸಿ ನೋಡಿದ. ಎಲ್ಲ ಹಲ್ಲಿಗೂ ನೀಲಿ ಚುಕ್ಕೆ ತೆಳುವಾಗಿ ಕೂರಬೇಕು. ಎಡಗಡೆ ಕೆಳಗೆ, ಹಿಂದಿನಿಂದ ಎರಡನೆಯ ಹಲ್ಲಿನ ಮೇಲೆ ಮಾತ್ರ ಚುಕ್ಕೆ ಗಾಢವಾಗಿ ಬಿದ್ದಿತ್ತು. ಎತ್ತರವಾಗಿದೆ. ಬಹಳ ಅಲ್ಲ, ಒಂದು ಕಾಗದದ ದಪ್ಪ. ಅವನ ಜೀವಮಾನದ ಕೆಲಸವೇ ಅದು, ಅರದಿಂದ ನಾಲ್ಕು ಸಲ ಎಳೆದರೆ ಮುಗಿಯಿತು. ಅರ ಕೈಗೆ ತೆಗೆದುಕೊಂಡ. ಆಗ ಅದು ಹೊಳೆಯಿತು. ಅಲ್ಲಿ ಯಾರು ನೋಡ್ತಾರೆ. ಇರಲಿ ಹಾಗಾದರೆ, ಯಾರೂ ನೋಡದಿರಲಿ. ತಿನ್ನುವಾಗ ಗೊತ್ತಾಗಲಿ. ಬಂದು ಈ ಕುರ್ಚಿಯಲ್ಲಿ ಕೂತು, ಬಾಯಿ ತೆರೆದು, ಇಲ್ಲಿ ತಾಗುತ್ತೆ ಕಣೋ, ಇದೊಂದು ಸರಿಮಾಡಿಕೊಡೋ ಎಂದು ಕೇಳಲಿ. ಕೇಳಿದ ಕ್ಷಣ ಮಾಡಿಕೊಡುತ್ತೇನೆ. ಅವನು ಅರವನ್ನು ಕೆಳಗಿಟ್ಟು, ಚುಕ್ಕೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಸೆಟ್ಟನ್ನು ಹೊಳಪಿಗೆ ಹಾಕಿದ.

ಅಣ್ಣ ಬರಲಿಲ್ಲ. ಒಂದು ವಾರ ಕಾದ, ತಿಂಗಳು ಕಾದ; ಬಾಗಿಲಲ್ಲಿ ನೆರಳಾಡಿದರೆ ಅರವಿದ್ದ ಡ್ರಾಯರಿನ ಕಡೆಗೆ ಅವನ ಕೈ ಹೋಗುತ್ತಿತ್ತು. ಅಣ್ಣ ಬಂದದ್ದು ಒಂದು ವರ್ಷದ ಮೇಲೆ, ವರ್ಕ್‌ಶಾಪಿನ ಬೀಗದ ಕೈಗೊಂಚಲು ಕೊಡುವುದಕ್ಕೆ. ಕೊಟ್ಟು, ಇನ್ನು ಎಲ್ಲ ನಿನ್ನದೇ ಎಂದು ಹೇಳಿ, ಮುಂದಿನ ಹಲ್ಲು ಕಾಣುವ ಹಾಗೆ ನಕ್ಕು ಹೋದ. "ಹಲ್ಲು ಹೇಗಿದೆ ಅಣ್ಣ?" ಎಂದು ಇವನೇ ನಾಚಿಕೆ ಬಿಟ್ಟು ಕೇಳಿದಾಗ, "ಅದಕ್ಕೇನಾಗಿದೆ, ಚೆನ್ನಾಗೇ ಇದೆ" ಎಂದಿದ್ದ. ಆಮೇಲೆ ಒಟ್ಟಿಗೆ ಊಟಕ್ಕೆ ಕೂತಾಗಲೆಲ್ಲ ಅವನ ಕಣ್ಣು ಅಣ್ಣನ ದವಡೆಯ ಮೇಲೆ. ಬ್ರೆಡ್ಡಿನ ಅಂಚನ್ನು ಅಣ್ಣ ತಟ್ಟೆಯಲ್ಲೇ ಬಿಡುತ್ತಿದ್ದ. ಸೇಬನ್ನು ಅತ್ತಿಗೆ ಬಳಪದಷ್ಟು ತೆಳ್ಳಗೆ ಹೆಚ್ಚಿಕೊಡುತ್ತಿದ್ದಳು. ಒಂದು ಸಲ ಅಣ್ಣ ಅಗಿಯುವುದನ್ನು ನಿಲ್ಲಿಸಿ ಎಡಗೆನ್ನೆಗೆ ಕೈ ಇಟ್ಟುಕೊಂಡ. ಆಗ ಇವನ ಎದೆಯಲ್ಲಿ ಏನೋ ಕುಣಿಯಿತು, ಮರುಕ್ಷಣ ಅದಕ್ಕಾಗಿ ತನ್ನನ್ನು ತಾನೇ ಕೆನ್ನೆಗೆ ಹೊಡೆದುಕೊಳ್ಳಬೇಕು ಅನ್ನಿಸಿತು. ಬಾಯಿಬಿಟ್ಟು ಹೇಳಬಾರದೇ ಈ ಮನುಷ್ಯ, ಎಂಥ ಹಟ ಇದು. ಹೇಳದೆ ಇರುವುದೇ ಅಣ್ಣನ ಹೊಡೆತ ಎಂದುಕೊಂಡ: ನೋವು ತಿಂದುಕೊಂಡು ಸುಮ್ಮನಿದ್ದು ನನ್ನನ್ನು ಸಣ್ಣವನನ್ನಾಗಿ ಮಾಡುತ್ತಿದ್ದಾನೆ. ಹೀಗೆ ಇಬ್ಬರು ಮುದುಕರು ಒಂದು ಕಾಗದದ ದಪ್ಪಕ್ಕಾಗಿ ಒಂಬತ್ತು ವರ್ಷ ಹಲ್ಲು ಕಚ್ಚಿಕೊಂಡು ಕೂತರು, ಎಂದು ಅವನು ನಂಬಿದ್ದ. ಇವತ್ತು ಬಸ್ಸಿಳಿದು ಮೆಟ್ಟಿಲು ಹತ್ತುವಾಗಲೂ ನಂಬಿದ್ದ.

ಸೋಫಾ ಕೊನೆಗೂ ಲಾರಿ ಹತ್ತಿತು. ಯಾರೋ ಬಾಗಿಲು ಬಡಿದು ಚಿಲಕ ಹಾಕಿದ ಸದ್ದು ಬಂತು. ಅತ್ತಿಗೆ ಕುರ್ಚಿಯಲ್ಲಿ ಕೂತೇ ತೂಕಡಿಸುತ್ತಿದ್ದಳು. ಅವನು ಲೋಟಕ್ಕೆ ಎರಡು ಬೆರಳಿಳಿಸಿ ಕೆಳಗಿನ ಸೆಟ್ಟನ್ನು ಎತ್ತಿದ, ಕೈ ಒರೆಸುವ ಚೌಕದಿಂದ ನೀರೊರೆಸಿದ. ತನ್ನ ಪಾಪವನ್ನು ಒಮ್ಮೆ ಕೈಯಾರೆ ಮುಟ್ಟಿ ನೋಡಬೇಕೆಂದಿತ್ತು, ಅಷ್ಟೇ. ಹೆಬ್ಬೆರಳನ್ನು ಎಡಗಡೆಗೆ ಒಯ್ದು, ಹಿಂದಿನಿಂದ ಎರಡನೆಯ ಹಲ್ಲಿನ ಮೇಲೆ ಇಟ್ಟ. ಎತ್ತರವಿರಲಿಲ್ಲ. ಬೆರಳಿಗೆ ಮೋಸವಾಯಿತೆಂದು ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಹಲ್ಲಿನ ತುದಿಯನ್ನು ಯಾರೋ ಅರದಿಂದ ಎಳೆದು ಇಳಿಸಿ, ಆಮೇಲೆ ಹೊಳಪು ಕೊಟ್ಟಿದ್ದರು. ಹಾಕಿಕೊಂಡು ಸವೆದದ್ದಲ್ಲ. ಅರದ ಗೆರೆ ಓರೆಯಾಗಿ ಹೋಗಿತ್ತು, ಒಳಗಿನಿಂದ ಹೊರಕ್ಕೆ. ಆ ಓರೆ ಯಾರ ಕೈಯದೆಂದು ಗುರುತಿಸಲು ಅವನಿಗೆ ಬೆಳಕೂ ಬೇಕಿರಲಿಲ್ಲ.

"ಅತ್ತಿಗೆ" ಎಂದ. "ಇದನ್ನ ಅಣ್ಣ ಉಜ್ಜಿದ್ನಾ?"

ಅವಳು ಕಣ್ಣು ಬಿಟ್ಟು, ಅವನ ಕೈಯಲ್ಲಿದ್ದದ್ದನ್ನು ನೋಡಿ, ಅದೇನೂ ದೊಡ್ಡ ಸುದ್ದಿಯಲ್ಲ ಎಂಬಂತೆ ಮತ್ತೆ ಮುಚ್ಚಿದಳು. "ಹ್ಞೂಂ. ನೀನು ಕೊಟ್ಟ ವಾರದಲ್ಲೇ. ಅಡುಗೆಮನೆ ಕಿಟಕಿ ಹತ್ತಿರ ಕೂತ್ಕೊಂಡು, ಹಾಕ್ಕೋ ತೆಗಿ, ಹಾಕ್ಕೋ ತೆಗಿ, ಇಡೀ ಭಾನುವಾರ. ತಮ್ಮನ ಹತ್ತಿರ ಕೊಡಬಾರದಾ ಅಂದೆ. ಬೈದ್ರು ನನಗೆ."

"ಏನಂತ?"

"ಏನೋಪ್ಪ, ಒಂಬತ್ತು ವರ್ಷ ಆಯ್ತು." ಅವಳು ಹಣೆ ಒತ್ತಿಕೊಂಡಳು. "ಮುಂದಿನ ಹಲ್ಲು ನನಗಿಂತ ಚೆನ್ನಾಗಿ ಕೂಡಿಸಿದ್ದಾನೆ, ಅದರ ಮೇಲೇ ಗಮನ ಇಟ್ಟು ಹಿಂದೆ ಒಂದು ಕಡೆ ತಪ್ಪಿದ್ದಾನೆ. ಹೇಳಿದ್ರೆ ಕೈ ಕುಗ್ಗುತ್ತೆ ಅವನಿಗೆ, ಆಮೇಲೆ ಮುಂದಿನ ಹಲ್ಲು ಮುಟ್ಟೋದೇ ಇಲ್ಲ. ಯಾರಿಗೂ ಹೇಳಬೇಡ. ಹಾಗಂದ್ರು. ನಾನು ಹೇಳಲಿಲ್ಲ. ಆಮೇಲೆ ಮರೆತೂ ಹೋಯ್ತು."

ಅವನು ಸೆಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಕೂತ. ಸಂತೋಷವಾಗಬೇಕಿತ್ತು. ನೋವು ಒಂದು ವಾರದ್ದು, ಒಂಬತ್ತು ವರ್ಷದ್ದಲ್ಲ; ನನಗಿಂತ ಚೆನ್ನಾಗಿ ಎಂದಿದ್ದಾನೆ, ಯಾವ ಮಾತಿಗಾಗಿ ಅವನು ಅರ್ಧ ಆಯುಷ್ಯ ಕಿವಿ ತೆರೆದುಕೊಂಡಿದ್ದನೋ ಆ ಮಾತು. ಆದರೆ ಬಂದದ್ದು ಸಿಟ್ಟು. ತಪ್ಪಿದ್ದಾನೆ. ತಪ್ಪಂತೆ. ಅಣ್ಣನ ಲೆಕ್ಕದಲ್ಲಿ ಅವನಿಗೆ ಬೇಕೆಂದು ಕೆಡಿಸುವಷ್ಟು ಯೋಗ್ಯತೆಯೂ ಇರಲಿಲ್ಲ. ಕೈ ಭಾರದ ತಮ್ಮ, ಪಾಪ, ಒಂದು ಕಡೆ ನೋಡಿದರೆ ಇನ್ನೊಂದು ಕಡೆ ತಪ್ಪುತ್ತಾನೆ. ಅದೂ ಹಿಂದಿನ ಹಲ್ಲಿನಲ್ಲಿ. ಕಣ್ಣು ಕಟ್ಟಿ ಕೂರಿಸಿದರೂ ಅವನು ತಪ್ಪದ ಜಾಗ ಅದೊಂದೇ, ಅಲ್ಲಿ ತಪ್ಪಿದನೆಂದು ತಿಳಿದು, ಕರುಣೆಯಿಂದ, ಅವನಿಗೆ ತಿಳಿಯದ ಹಾಗೆ ಕ್ಷಮಿಸಿ, ಅಡುಗೆಮನೆಯಲ್ಲಿ ಕೂತು ಉಜ್ಜಿಕೊಂಡಿದ್ದಾನೆ. ಮಾಡದ ತಪ್ಪಿಗೆ ಕ್ಷಮೆ ಸಿಕ್ಕಿತ್ತು. ಮಾಡಿದ ತಪ್ಪು ಹಾಗೇ ಉಳಿದಿತ್ತು, ಯಾರಿಗೂ ಬೇಡವಾಗಿ. ಹೇಳಲೇಬೇಕು ಎಂದು ಅವನಿಗೆ ಆಗ ಅನ್ನಿಸಿತು. ಅಣ್ಣ ಹೋಗುವುದಕ್ಕೆ ಮುಂಚೆ ತನ್ನನ್ನು ಒಮ್ಮೆ ಸರಿಯಾಗಿ ನೋಡಿ ಹೋಗಬೇಕು, ಕೆಟ್ಟವನೆಂದಾದರೂ ಸರಿ. ಸಾಯುವವನ ಕಿವಿಗೆ ಇದನ್ನು ಸುರಿಯುವುದು ಇನ್ನೊಂದು ಕೆಡುಕಲ್ಲವೇ ಎಂಬ ಮಾತೂ ಅದರ ಹಿಂದೆಯೇ ಬಂತು.

ಅತ್ತಿಗೆ ಮಗಳಿಗೆ ಫೋನು ಮಾಡಲು ಹೊರಗಿನ ಕೋಣೆಗೆ ಹೋದಳು. ಅಣ್ಣನ ಮಗಳು ಊರ ಆಚೆ ತುದಿಯ ಒಂದು ಆಫೀಸಿನಲ್ಲಿದ್ದಳು, ಐದಕ್ಕೆ ಮುಂಚೆ ಬರಲಾಗುವುದಿಲ್ಲ ಎಂದಿದ್ದಳಂತೆ. ನರ್ಸು ಅಡುಗೆಮನೆಯಲ್ಲಿ ಟೀ ಕಾಯಿಸುತ್ತಿದ್ದ ಸದ್ದು. ಅವನು ಕುರ್ಚಿಯನ್ನು ಹಾಸಿಗೆಯ ಹತ್ತಿರಕ್ಕೆ ಎಳೆದ. ಬಗ್ಗಿದಾಗ ಅಣ್ಣನ ಬಾಯಿಯ ವಾಸನೆ ಮುಖಕ್ಕೆ ಬಡಿಯಿತು, ಔಷಧಿ, ಹುಳಿ, ಒಣಗಿದ ನಾಲಿಗೆ. ಕಣ್ಣು ಅರ್ಧ ತೆರೆದಿತ್ತು, ನೋಟ ಯಾವುದರ ಮೇಲೂ ಇರಲಿಲ್ಲ. ಆ ಕಣ್ಣಿಗೆ ಹೇಳಲಾಗದೆ ಅವನು ತನ್ನ ಅಂಗೈಯಲ್ಲಿದ್ದ ಹಲ್ಲು ಸೆಟ್ಟನ್ನು ನೋಡುತ್ತ ಹೇಳತೊಡಗಿದ.

"ಅಣ್ಣ. ಕೇಳಿಸ್ತಿದೆಯಾ? ಈ ಹಲ್ಲು. ಎಡಗಡೆದು. ನೀನು ಉಜ್ಜಿಕೊಂಡ್ಯಂತೆ, ಈಗ ಗೊತ್ತಾಯ್ತು ನನಗೆ. ಅದು ತಪ್ಪಿದ್ದಲ್ಲ ಅಣ್ಣ. ನೀಲಿ ಕಾಗದ ಇಟ್ಟು ನೋಡಿದ್ದೆ. ಚುಕ್ಕೆ ಬಿದ್ದಿತ್ತು. ಕಣ್ಣಾರೆ ನೋಡಿದೆ. ಅರ ಕೈಯಲ್ಲೇ ಇತ್ತು. ಬೇಕೂಂತ ಬಿಟ್ಟೆ. ನೀನು ಬಂದು ಕೇಳಲಿ ಅಂತ. ಆ ಡಾಕ್ಟ್ರ ಮುಂದೆ ಅವತ್ತು ನೀನು ಹಾಗಂದ್ಯಲ್ಲ, ನಿನಗೆ ನೆನಪಿರಲ್ಲ ಬಿಡು, ನನಗಿದೆ. ನಾನೂ ನಕ್ಕೆ. ಹಿಂದಿನ ಹಲ್ಲು ಇಲ್ಲದೆ ಯಾರ ಹೊಟ್ಟೆ ತುಂಬುತ್ತೆ ಹೇಳು, ಮುಂದಿನ ಹಲ್ಲಲ್ಲಿ ಅಗಿಯೋಕಾಗುತ್ತಾ? ಒಂದು ದಿನ ಆದ್ರೂ ಹೇಳಿದ್ಯಾ ನೀನು, ಚೆನ್ನಾಗಿ ಮಾಡ್ತೀಯ ಅಂತ? ಅತ್ತಿಗೆ ಹತ್ತಿರ ಹೇಳಿದ್ಯಂತೆ. ಅತ್ತಿಗೆ ಹತ್ತಿರ ಹೇಳಿದ್ರೆ ನನಗೇನು ಬಂತು. ನನ್ನ ಹತ್ತಿರ ಹೇಳಬೇಕಿತ್ತು." ಕ್ಷಮೆ ಕೇಳಲು ಹೊರಟ ಮಾತು ಹೀಗೆ ಜಗಳಕ್ಕೆ ತಿರುಗಿದ್ದು ಅವನ ಗಮನಕ್ಕೆ ಬಂತು. ಧ್ವನಿಯೂ ಏರಿತ್ತು. ತಗ್ಗಿಸಿ, "ಬೇಕೂಂತ ಮಾಡಿದ್ದು. ಅಷ್ಟು ಗೊತ್ತಿರಲಿ ನಿನಗೆ" ಎಂದು ಮುಗಿಸಿ ತಲೆ ಎತ್ತಿದ.

ಕೋಣೆ ಬಹಳ ಸುಮ್ಮನಿತ್ತು. ಉಸಿರು ನಿಂತಿರುವ ಹೊತ್ತು ಇದು, ಬರುತ್ತದೆ ಎಂದು ಕಾದ. ಅಡುಗೆಮನೆಯಲ್ಲಿ ಲೋಟಕ್ಕೆ ಟೀ ಸುರಿದ ಸದ್ದು ಕೇಳಿಸಿತು. ಅಣ್ಣನ ಬಾಯಿ ಮೊದಲಿನಂತೆಯೇ ತೆರೆದಿತ್ತು, ಆದರೆ ಕೆಳದವಡೆ ಒಂದಿಷ್ಟು ಹಿಂದಕ್ಕೆ ಸರಿದು, ಹಿಡಿದಿದ್ದನ್ನು ಬಿಟ್ಟ ಹಾಗೆ ಸಡಿಲಾಗಿತ್ತು. ದವಡೆಯ ವಿಷಯದಲ್ಲಿ ಅವನಿಗೆ ಸುಳ್ಳು ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ. ಆದರೂ ಕಾದ. ಇಷ್ಟೇನೇ ಎಂದು ಅನ್ನಿಸಿತು. ಏನೋ ಒಂದು ಆಗುತ್ತದೆ, ಕಣ್ಣು ತಿರುಗುತ್ತದೆ, ಕೈ ಏನನ್ನಾದರೂ ಹುಡುಕುತ್ತದೆ, ಕೋಣೆಗೆ ಯಾರೋ ಬಂದು ಹೋದ ಹಾಗಾಗುತ್ತದೆ ಎಂದೆಲ್ಲ ಎಣಿಸಿದ್ದ. ಏನೂ ಆಗಿರಲಿಲ್ಲ. ಕಿಟಕಿಯ ಬಿಸಿಲು ಹೊದಿಕೆಯ ಮೇಲೆ ಇದ್ದಲ್ಲೇ ಇತ್ತು. ಎಲುಬು ಕರಗುವ ಹಾಗೆ, ಯಾರಿಗೂ ತೊಂದರೆ ಕೊಡದೆ, ಅದು ಅದರಷ್ಟಕ್ಕೆ ಆಗಿಹೋಗಿತ್ತು; ಅವನು ಒಂದು ಮೊಳ ದೂರದಲ್ಲಿ ಕೂತು ಹಲ್ಲು ನೋಡುತ್ತ ಮಾತಾಡುತ್ತಿದ್ದ. ಯಾವ ಮಾತಿಗೆ ನಿಂತಿತು? ಬೇಕೂಂತ ಬಿಟ್ಟೆ ಎಂದದ್ದು ಕೇಳಿಸಿತೋ, ಅದಕ್ಕೂ ಮುಂಚೆಯೋ? ಮೊದಲ ಸಲ ಹೇಳಿದ್ದು ಕೇಳಿಸದೆ ಜಗಳ ಮಾತ್ರ ಕೇಳಿಸಿತೋ? ತನ್ನ ಮಾತುಗಳನ್ನು ಒಂದೊಂದಾಗಿ ಹಿಂದಕ್ಕೆ ಓಡಿಸಿ ನೋಡಿದ. ಯಾವುದರ ಪಕ್ಕದಲ್ಲೂ ಉಸಿರಿನ ನೆನಪಿರಲಿಲ್ಲ, ತನ್ನ ಧ್ವನಿಯ ನೆನಪು ಮಾತ್ರ.

ನರ್ಸು ಟೀ ಲೋಟ ಹಿಡಿದು ಬಾಗಿಲಿಗೆ ಬಂದವಳು ಒಮ್ಮೆ ನೋಡಿ, ಲೋಟವನ್ನು ಕಪಾಟಿನ ಮೇಲಿಟ್ಟಳು. ಕುತ್ತಿಗೆ ಮುಟ್ಟಿದಳು, ಎದೆಗೆ ಕಿವಿ ಕೊಟ್ಟಳು, ಕೈಗಡಿಯಾರ ನೋಡಿಕೊಂಡಳು. "ಹೋದ್ರು" ಎಂದಳು. "ನೀವು ಪಕ್ಕದಲ್ಲಿದ್ರಲ್ಲ, ಒಳ್ಳೇದಾಯ್ತು." ಎರಡು ಬೆರಳಿನಿಂದ ಅಣ್ಣನ ರೆಪ್ಪೆ ಮುಚ್ಚಿ, ಹಾಗೇ ಒಂದು ಗಳಿಗೆ ಹಿಡಿದಿದ್ದು, "ಹಾಕಿಬಿಡಿ" ಎಂದು ಹೇಳಿ ಅತ್ತಿಗೆಯನ್ನು ಕರೆಯಲು ಹೋದಳು.

ಅವನು ಎರಡೂ ಸೆಟ್ಟನ್ನು ನೀರಿನಲ್ಲಿ ಅದ್ದಿ ಹಾಕಿದ. ಮೊದಲು ಮೇಲಿನದು, ಆಮೇಲೆ ಕೆಳಗಿನದು. ತುಟಿ ತನ್ನ ಜಾಗಕ್ಕೆ ಬಂತು, ಕೆನ್ನೆಯ ಕುಳಿ ತುಂಬಿತು, ಮೂಗು ಗಲ್ಲದಿಂದ ದೂರ ಸರಿಯಿತು. ಹಾಸಿಗೆಯ ಮೇಲೆ ಅಣ್ಣ ಬಂದು ಮಲಗಿದ. ಕೈ ತಾನಾಗಿ ಶರಟಿನ ಜೇಬಿಗೆ ಹೋಯಿತು. ಅಲ್ಲಿ ಯಾವಾಗಲೂ ಇರುವ ಪುಟ್ಟ ಡಬ್ಬಿಯಿಂದ ನೀಲಿ ಕಾಗದದ ಎರಡು ಪಟ್ಟಿ ತೆಗೆದು ಎರಡೂ ಕಡೆ ಹಲ್ಲಿನ ನಡುವೆ ಇಟ್ಟು, ಗಲ್ಲದ ಕೆಳಗೆ ಅಂಗೈಯಿಟ್ಟು ಒತ್ತಿದ. ಪಟ್ಟಿ ಎಳೆದು, ಕೆನ್ನೆಯನ್ನು ಬೆರಳಿನಿಂದ ಸರಿಸಿ ನೋಡಿದ. ಬಲಗಡೆ ಚುಕ್ಕೆಗಳು ಸಾಲಾಗಿ ಬಿದ್ದಿದ್ದವು. ಎಡಗಡೆ ಒಂದೂ ಇರಲಿಲ್ಲ. ಎರಡನೆಯ ಹಲ್ಲು ಮಾತ್ರವಲ್ಲ, ಅದರ ಅಕ್ಕಪಕ್ಕದವೂ ಮೇಲಿನ ಹಲ್ಲನ್ನು ಮುಟ್ಟುತ್ತಿರಲಿಲ್ಲ. ಅವನಿಗೆ ಕೂಡಲೇ ಅರ್ಥವಾಯಿತು. ಒಂದನ್ನು ಇಳಿಸಿದರೆ ಪಕ್ಕದ್ದು ಎತ್ತರ ಅನ್ನಿಸುತ್ತದೆ, ಅದನ್ನು ಇಳಿಸಿದರೆ ಅದರ ಪಕ್ಕದ್ದು. ಎಲ್ಲಿ ಕೈ ನಿಲ್ಲಿಸಬೇಕು ಎಂದು ತಿಳಿಯುವುದಕ್ಕೇ ಅವನಿಗೆ ಹತ್ತು ವರ್ಷ ಹಿಡಿದಿತ್ತು. ಇಡೀ ಭಾನುವಾರ ಉಜ್ಜಿದ್ದನಂತೆ. ಅಣ್ಣನಿಗೆ ಹಿಂದಿನ ಹಲ್ಲು ಬರುತ್ತಿರಲಿಲ್ಲ. ಒಂಬತ್ತು ವರ್ಷ ಬಲಗಡೆಯೊಂದರಲ್ಲೇ ಅಗಿದಿದ್ದಾನೆ, ಬ್ರೆಡ್ಡಿನ ಅಂಚು ಬಿಟ್ಟಿದ್ದಾನೆ, ಮುಂದಿನ ಹಲ್ಲು ತೋರಿಸಿ ನಕ್ಕಿದ್ದಾನೆ. ಅವನ ಗಂಟಲಲ್ಲಿ ನಗು ಬಂದಂತಾಯಿತು, ಗೆದ್ದವನ ನಗು. ಯಾರ ಮುಂದೆ ಇದನ್ನು ಹೇಳಬಹುದಿತ್ತೋ ಆ ಮನುಷ್ಯ ಒಬ್ಬನೇ, ಅವನ ಬಾಯಲ್ಲೇ ಈಗ ತನ್ನ ಬೆರಳಿತ್ತು. ಆಮೇಲೆ ಅನ್ನಿಸಿತು, ಅರದ ಕೆಲಸವೇ ಇರಬೇಕೆಂದೇನೂ ಇಲ್ಲ. ಒಂಬತ್ತು ವರ್ಷದಲ್ಲಿ ಆ ಕಡೆಯ ಎಲುಬೇ ಕರಗಿ ಸೆಟ್ಟು ಕುಸಿದಿರಬಹುದು, ಯಾರು ಏನು ಮಾಡಿದ್ದರೂ, ಮಾಡದಿದ್ದರೂ. ಅಥವಾ ಹೋದವರ ದವಡೆ ಇದ್ದವರ ಹಾಗೆ ಕಚ್ಚುವುದಿಲ್ಲ, ಅಷ್ಟೇ ಇರಬಹುದು. ಯಾವುದೆಂದು ಇನ್ನು ತಿಳಿಯುವಂತಿರಲಿಲ್ಲ.

"ಏನ್ ಮಾಡ್ತಿದ್ದೀರಿ?" ಎಂದಳು ಬಾಗಿಲಲ್ಲಿ ನರ್ಸು.

"ಕಚ್ಚು ನೋಡ್ತಿದ್ದೆ. ಸರಿ ಕೂತಿದೆಯಾ ಅಂತ."

ಅವಳು ಅವನ ಬೆರಳಿನ ನೀಲಿಯನ್ನೂ ಪಟ್ಟಿಯನ್ನೂ ನೋಡಿದಳು. "ಅವರು ಇನ್ನು ಏನೂ ತಿನ್ನಲ್ಲ ಸರ್" ಎಂದಳು, ಒರಟಾಗಿ ಅಲ್ಲ. "ಗಲ್ಲ ಮೇಲಕ್ಕೆ ಒತ್ತಿ ಹಿಡ್ಕೊಂಡಿರಿ. ಬಿಗಿಯೋವರೆಗೂ ಬಿಡಬೇಡಿ. ನಾನು ಚೌಕ ಸುತ್ತಿ ತರ್ತೀನಿ, ಕೆಳಗಿಡೋಕೆ."

ಅತ್ತಿಗೆ ಬಂದು ಅಣ್ಣನ ಪಾದ ಹಿಡಿದುಕೊಂಡಳು. ಆಮೇಲೆ ಮುಖದ ಕಡೆ ಬಂದು, "ಈಗ ನೋಡು, ಇವರು ಇವರ ಹಾಗೇ ಕಾಣ್ತಾರೆ" ಎಂದಾಗ ಅವಳ ಅಳು ಕೊನೆಗೂ ದಾರಿ ಕಂಡುಕೊಂಡಿತು. ಅವಳು ಅತ್ತು ಮುಗಿಸುವವರೆಗೆ ಅವನು ಗಲ್ಲ ಹಿಡಿದು ಕಾದ. ಕಾದು, ಹೇಳಬಾರದಿತ್ತು, ಆದರೂ ಹೇಳಿಬಿಟ್ಟ: "ಅತ್ತಿಗೆ, ಆ ಹಲ್ಲು ನಾನು ತಪ್ಪಿ ಮಾಡಿದ್ದಲ್ಲ. ಗೊತ್ತಿದ್ದೂ ಹಾಗೇ ಬಿಟ್ಟಿದ್ದು. ಬೇಕೂಂತ."

ಅವಳು ಕಣ್ಣೊರೆಸಿಕೊಂಡು ಅವನನ್ನು ನೋಡಿದಳು. ಅರ್ಥವಾಯಿತೋ ಇಲ್ಲವೋ. "ಅದೆಲ್ಲ ಈಗ ಯಾಕೆ" ಎಂದಳು. "ನೀನು ಗಟ್ಟಿಯಾಗಿ ಹಿಡ್ಕೋ. ಸಡಿಲ ಬಿಡಬೇಡ." ಅಣ್ಣನ ಕೂದಲಿಗೆ ಬಾಚಣಿಗೆ ತೆಗೆದುಕೊಂಡಳು.

ಅವನು ಗಟ್ಟಿಯಾಗಿ ಹಿಡಿದುಕೊಂಡ. ಬಾಯಲ್ಲಿಟ್ಟ ಅಚ್ಚು ಗಟ್ಟಿಯಾಗುವವರೆಗೆ ಅಲುಗದೆ ಹಿಡಿದು ನಿಲ್ಲುವುದು ಅವನಿಗೆ ಹೊಸದಲ್ಲ. ಅಲ್ಲಿ ಗಲ್ಲ ಅಂಗೈಗೆ ಬೆಚ್ಚಗಿರುತ್ತಿತ್ತು, ಗಂಟಲು ಎಂಜಲು ನುಂಗುವುದು ಬೆರಳಿಗೆ ತಿಳಿಯುತ್ತಿತ್ತು; ಇಲ್ಲಿ ಅಂಗೈಯ ಬಿಸಿಯನ್ನು ಗಲ್ಲ ಮೆಲ್ಲಗೆ ತೆಗೆದುಕೊಳ್ಳುತ್ತ ಇತ್ತು, ಹಿಂದಕ್ಕೆ ಕೊಡುತ್ತಿರಲಿಲ್ಲ. ಇದೂ ಒಂದು ಕೆಲಸ, ಇದನ್ನೂ ಯಾರಾದರೂ ಮಾಡಬೇಕು, ಒಂದು ದಿನ ತನ್ನ ಗಲ್ಲಕ್ಕೂ ಯಾರದೋ ಕೈ ಬರುತ್ತದೆ ಎಂದು ಯೋಚಿಸಿದಾಗ ಹೆದರಿಕೆಯಾಗುತ್ತದೇನೋ ಎಂದು ಕಾದು ನೋಡಿದ. ಆಗಲಿಲ್ಲ. ತೋಳು ಮಾತ್ರ ನೋಯುತ್ತಿತ್ತು. ನರ್ಸು ಸುತ್ತಿದ ಚೌಕ ತಂದು ಗಲ್ಲದ ಕೆಳಗಿಟ್ಟು, ಇನ್ನು ಬಿಡಬಹುದು ಸರ್ ಎಂದಳು. ಅವನು ಬಿಡಲಿಲ್ಲ.

ಐದಕ್ಕೆ ಅಣ್ಣನ ಮಗಳು ಬಂದಳು. ಮೆಟ್ಟಿಲು ಓಡಿ ಹತ್ತಿದ್ದಳು, ಹೆಗಲಿನ ಚೀಲವನ್ನೂ ತೆಗೆದಿರಲಿಲ್ಲ. ಅಪ್ಪನ ಮುಖ ನೋಡಿದಳು, ಒಂದು ಕ್ಷಣ ಮಲಗಿದ್ದಾನೆ ಎಂದೇ ಅನ್ನಿಸಿರಬೇಕು, ಅಷ್ಟು ಚೆನ್ನಾಗಿ ಕೂತಿತ್ತು ಮುಂದಿನ ಹಲ್ಲು. ಆಮೇಲೆ ಗಲ್ಲದ ಮೇಲಿದ್ದ ಅವನ ಕೈಯನ್ನು ನೋಡಿದಳು, ಬೆರಳ ತುದಿಯ ನೀಲಿಯನ್ನು ನೋಡಿದಳು.

"ಚಿಕ್ಕಪ್ಪ, ನೀವಿದ್ರಾ ಹತ್ತಿರ?"

"ಇದ್ದೆ."

"ಕೊನೇಲಿ ಏನಾದ್ರೂ ಹೇಳಿದ್ರಾ ಅಪ್ಪ?"

ಸುಳ್ಳು ಹೇಳಬಹುದಿತ್ತು. ನಿನ್ನ ಹೆಸರು ಹಿಡಿದು ಕರೆದ ಎಂದರೆ ಅವಳು ಜೀವಮಾನವಿಡೀ ಅದನ್ನು ಜೋಪಾನ ಮಾಡುತ್ತಿದ್ದಳು. ಅತ್ತಿಗೆಯೂ ಬಾಚಣಿಗೆ ಹಿಡಿದ ಕೈ ನಿಲ್ಲಿಸಿ ಅವನ ಕಡೆ ತಿರುಗಿದಳು.

"ಇಲ್ಲಮ್ಮ" ಎಂದ. "ನಾನೇ ಮಾತಾಡ್ತಿದ್ದೆ."